ಬುತ್ತಿಯೂ ಅರವಟ್ಟಿಗೆಯೂ

ಬೇಸಗೆಯ ರಜೆ ಹತ್ತಿರವಾಯಿತೆಂದರೆ ನಮ್ಮ ಪಟ್ಟಣಗಳ ಮನೆಮನೆಗಳಲ್ಲಿ ಪ್ರಯಾಣದ ಮಾತು ಏಳುವುದು ವಾಡಿಕೆ. ಮೋಟಾರಿನ ಚಕ್ರಗಳಿಗೆ ಗಾಳಿ ತುಂಬಿಸುವುದು, ನಕಾಶೆಯನ್ನು ನೋಡುವುದು, ತಂಗುವ ಸ್ಥಳವನ್ನು ಮುಂಗಡವಾಗಿ ಗೊತ್ತುಮಾಡುವುದು, ಹವಾಮಾನದ ವರದಿಯನ್ನು ಕೇಳುವುದು, ಇಷ್ಟಾದರೆ ಸಿದ್ಧತೆ ಮುಗಿಯಿತು. ಬೆಂಗಳೂರಿನಿಂದ ಕಾಶಿಗೆ ಸುಮಾರು 1,800 ಕಿಲೋಮೀಟರ್ ದೂರ. ಮನಸ್ಸು ಮಾಡಿದರೆ ಮೂರು ನಾಲ್ಕು ದಿನಗಳಲ್ಲಿ ರಸ್ತೆಯ ಮೇಲೆಯೇ ಹೋಗಿ ಸೇರಬಹುದು. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಇದೇ ದಾರಿಗೆ ನಾಲ್ಕು ತಿಂಗಳು ಹಿಡಿಯುತ್ತಿದ್ದಿತು. ದಿನಕ್ಕೆ ಹತ್ತು ಮೈಲಿ ನಡೆದರೆ ಅದೇ ಹೆಚ್ಚು. ಅಂತಹ ಪ್ರಯಾಣಕ್ಕೆ ಅವರು ಹೇಗೆ ಅಣಿಯಾಗುತ್ತಿದ್ದರು, ಅವರಿಗಾಗಿ ದಾರಿ ಹೇಗೆ ಅಣಿಯಾಗುತ್ತಿದ್ದಿತು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಕಾಲದ ವಿಚಾರ. ದೂರದ ಪಯಣಕ್ಕೆ ಬೇಸಗೆಯನ್ನೇ ಏಕೆ ಆರಿಸಿಕೊಳ್ಳುತ್ತಿದ್ದರು? ಸುಗ್ಗಿ ಮುಗಿದು ಕಣಜ ತುಂಬಿರುತ್ತದೆ; ರೈತನಿಗೂ ಅವನ ಎತ್ತುಗಳಿಗೂ ಬಿಡುವು. ಸೇತುವೆಗಳಿಲ್ಲದ ಕಾಲದಲ್ಲಿ ಹೊಳೆಗಳನ್ನು ಹಾಯಬೇಕಾದರೆ ನೀರು ಇಳಿದಿರಬೇಕು. ಎರೆಯ ಭೂಮಿಯಲ್ಲಿ ಮಳೆ ಬಿದ್ದರೆ ಗಾಡಿಯ ಚಕ್ರ ಅಚ್ಚಿನವರೆಗೆ ಹೂತುಹೋಗುತ್ತದೆ. ಆದಕಾರಣ ದಾರಿ ಒಣಗಿರುವ ಕಾಲವೇ ಪಯಣದ ಕಾಲ. ಆದರೆ ಇಲ್ಲಿ ಒಂದು ತೊಡಕು ಉಂಟು. ದಾರಿಯನ್ನು ಒಣಗಿಸುವ ಬಿಸಿಲೇ ಬಾವಿಯನ್ನೂ ಒಣಗಿಸುತ್ತದೆ. ನಡೆಯಲು ಅನುಕೂಲವಾದ ತಿಂಗಳುಗಳೇ ಕುಡಿಯುವ ನೀರಿಗೆ ಅತ್ಯಂತ ಕಷ್ಟದ ತಿಂಗಳುಗಳು. ಅನ್ನವನ್ನು ಒಂದು ತಿಂಗಳಿಗಾಗುವಷ್ಟು ಹೊತ್ತುಕೊಂಡು ಹೋಗಬಹುದು. ನೀರನ್ನು ಒಂದು ದಿನಕ್ಕಾಗುವಷ್ಟು ಹೊತ್ತರೆ ಹೆಚ್ಚು. ಹೀಗಾಗಿ ಬೇಸಗೆಯ ಪ್ರಯಾಣದ ಸಿದ್ಧತೆ ಯಾವಾಗಲೂ ಎರಡು ಭಾಗವಾಗಿಯೇ ನಡೆಯುತ್ತಿದ್ದಿತು. ಒಂದು ಭಾಗ ಹೊರಡುವವನ ಮನೆಯಲ್ಲಿ, ಇನ್ನೊಂದು ಭಾಗ ಅವನು ಕಂಡರಿಯದ ಜನರಿಂದ ದಾರಿಯಲ್ಲಿ. ಮೊದಲನೆಯದಕ್ಕೆ ಬುತ್ತಿಯೆಂದೂ ಎರಡನೆಯದಕ್ಕೆ ಅರವಟ್ಟಿಗೆಯೆಂದೂ ಹೆಸರಿಟ್ಟುಕೊಳ್ಳೋಣ.

ಈ ಎರಡು ಶಬ್ದಗಳ ಮೂಲವನ್ನು ನೋಡಿದರೆ ವಿಷಯ ಇನ್ನೂ ತಿಳಿಯಾಗುತ್ತದೆ. ಸಂಸ್ಕೃತದ ‘ಭುಕ್ತಿ’ ಎಂಬುದರ ತದ್ಭವ ‘ಬುತ್ತಿ’. ಉಣ್ಣುವುದು ಎಂಬ ಸಾಮಾನ್ಯ ಅರ್ಥ ಕನ್ನಡದಲ್ಲಿ ದಾರಿಯಲ್ಲಿ ಉಣ್ಣಲು ಕಟ್ಟಿಕೊಂಡದ್ದು ಎಂದು ನೆಲೆಗೊಂಡಿತು. ಸಂಸ್ಕೃತದಲ್ಲಿ ಇದಕ್ಕೆ ‘ಪಾಥೇಯ’ ಎಂಬ ಬೇರೆ ಶಬ್ದವೇ ಇದೆ. ಪಥಕ್ಕೆ ಹಿತವಾದದ್ದು ಎಂದು ಅರ್ಥ. ಹಳಗನ್ನಡದಲ್ಲಿ ‘ಬಟ್ಟೆ’ ಎಂದರೆ ಉಡುವ ವಸ್ತ್ರವಲ್ಲ, ನಡೆಯುವ ದಾರಿ. ಇನ್ನು ‘ಅರವಟ್ಟಿಗೆ’ಯ ಮೊದಲಿನ ‘ಅರ’ ಹಳಗನ್ನಡದಲ್ಲಿ ಶಕಟರೇಫದಿಂದ ಕೂಡಿದ ‘ಅಱ’; ತಮಿಳಿನ ‘ಅಱಂ’ ಎಂಬುದೂ ಇದೇ. ಅದರ ಅರ್ಥ ಧರ್ಮ. ಧರ್ಮವನ್ನು ಕೊಂದವನನ್ನು ನಮ್ಮ ಹಳೆಯ ಕವಿಗಳು ‘ಅಱಗುಲಿ’ ಎಂದು ಕರೆದರು. ಅಂದಮೇಲೆ ದಾರಿಹೋಕರಿಗೆ ನೀರೆರೆಯುವ ಚಪ್ಪರಕ್ಕೆ ಕನ್ನಡಿಗರು ಇಟ್ಟ ಹೆಸರಿನಲ್ಲಿಯೇ ಧರ್ಮವೆಂಬ ಮಾತು ಅಡಗಿದೆ. ಬುತ್ತಿ ತನ್ನ ಹೊಟ್ಟೆಯ ಚಿಂತೆ. ಅರವಟ್ಟಿಗೆ ಇತರರ ಬಾಯಾರಿಕೆಯ ಚಿಂತೆ.

ಮನೆಯ ಸಿದ್ಧತೆಯನ್ನು ಮೊದಲು ನೋಡೋಣ. ಹೊರಡುವ ದಿನಕ್ಕೆ ಮೊದಲು ಜೋಯಿಸರ ಬಳಿ ಮುಹೂರ್ತ ಕೇಳಬೇಕು. ಪ್ರಯಾಣದ ಮುಹೂರ್ತವೆಂಬುದು ನಮ್ಮ ಜ್ಯೋತಿಷದಲ್ಲಿ ಬಲು ಹಳೆಯ ವಿಷಯ. ಆರನೆಯ ಶತಮಾನದ ವರಾಹಮಿಹಿರ ರಾಜರ ದಂಡಯಾತ್ರೆಗಾಗಿ ‘ಯೋಗಯಾತ್ರಾ’ ಎಂಬ ಗ್ರಂಥವನ್ನೇ ಬರೆದಿದ್ದಾನೆ. ಮುಹೂರ್ತದ ಹೊತ್ತಿಗೆ ಹೊರಡಲು ಆಗದಿದ್ದರೆ ಒಂದು ಗಂಟನ್ನೋ ವಸ್ತ್ರವನ್ನೋ ಆ ಹೊತ್ತಿಗೆ ಪರರ ಮನೆಗೆ ಸಾಗಿಸಿಬಿಟ್ಟರೆ ಸಾಕು, ಪ್ರಯಾಣ ಆರಂಭವಾದಂತೆಯೇ ಲೆಕ್ಕ. ಇದಕ್ಕೆ ಪ್ರಸ್ಥಾನವಿಡುವುದು ಎಂದು ಹೆಸರು. ಶಾಸ್ತ್ರ ಎಷ್ಟು ಬಿಗಿಯೋ ಬಳಕೆ ಅಷ್ಟೇ ಸಡಿಲ!

ಆಮೇಲೆ ಬುತ್ತಿ. ಬೇಸಗೆಯಲ್ಲಿ ಬೇಗ ಹಳಸದಂತಹ ಪದಾರ್ಥಗಳೇ ಆಗಬೇಕು. ಹುರಿಹಿಟ್ಟು, ಅವಲಕ್ಕಿ, ಹುಣಿಸೆಯ ಗೊಜ್ಜು, ಬೆಲ್ಲ, ಎಣ್ಣೆಯಲ್ಲಿ ಕರಿದ ತಿಂಡಿಗಳು. ಉತ್ತರದ ಸೀಮೆಯಲ್ಲಾದರೆ ವಾರಗಟ್ಟಲೆ ಕೆಡದ ಒಣಗಿದ ಜೋಳದ ರೊಟ್ಟಿ, ಶೇಂಗಾದ ಪುಡಿ. ಮೊದಲ ದಿನಕ್ಕೆ ಮಾತ್ರ ಮೊಸರನ್ನದ ಬುತ್ತಿ. ಹುರಿದು ಬೀಸಿದ ಹಿಟ್ಟಿಗೆ ಒಲೆ ಬೇಡ, ಪಾತ್ರೆ ಬೇಡ. ನೀರೂ ಬೆಲ್ಲವೂ ಸಿಕ್ಕಿದರೆ ಊಟವಾಯಿತು. ನೀರು ಸಿಕ್ಕಿದರೆ ಎಂಬ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಬುತ್ತಿಯಷ್ಟೇ ಮುಖ್ಯವಾದದ್ದು ಗಾಡಿ. ಎತ್ತಿನ ಗೊರಸಿಗೆ ಲಾಳ ಕಟ್ಟಿಸಬೇಕು, ಅಚ್ಚಿಗೆ ಕೀಲೆಣ್ಣೆ ಹಾಕಬೇಕು, ಕಮಾನಿಗೆ ಚಾಪೆ ಬಿಗಿಯಬೇಕು, ಕೂರುವ ಕಡೆ ಹುಲ್ಲು ಹಾಸಬೇಕು. ಆ ಹುಲ್ಲೇ ದಾರಿಯಲ್ಲಿ ಎತ್ತುಗಳಿಗೆ ಮೇವು. ಬಿಸಿಲು ಏರುವ ಮೊದಲೇ ಮಜಲು ಮುಗಿಸಬೇಕಾದ್ದರಿಂದ ಬೆಳಗಿನ ಜಾವದಲ್ಲಿ, ಇಲ್ಲವೆ ಬೆಳುದಿಂಗಳಿನ ರಾತ್ರಿಯಲ್ಲಿ ಗಾಡಿ ಹೂಡುವುದು ಪದ್ಧತಿ. ದೂರವನ್ನು ಎಣಿಸುತ್ತಿದ್ದುದು ಹರದಾರಿಯಿಂದ. ಒಂದು ಹರದಾರಿಗೆ ಸುಮಾರು ಮೂರು ಮೈಲಿ, ನಾಲ್ಕು ಹರದಾರಿಗೆ ಒಂದು ಗಾವುದ. ಗಾವುದವೊಂದನ್ನು ನಡೆದವನು ಆ ದಿನದ ಕೆಲಸ ಮುಗಿಸಿದಂತೆ.

ಇವೆಲ್ಲಕ್ಕಿಂತ ಕಠಿಣವಾದ ಸಿದ್ಧತೆ ಇನ್ನೊಂದಿದ್ದಿತು. ಕಾಶಿಗೆ ಹೋದವನೂ ಕಾಡಿಗೆ, ಎಂದರೆ ಮಸಣಕ್ಕೆ, ಹೋದವನೂ ಸಮಾನರೆಂಬ ಗಾದೆ ನಮ್ಮ ನೆರೆಯ ತೆಲುಗರಲ್ಲಿದೆ. ಹಿಂದಿರುಗಿ ಬರುವುದು ನಿಶ್ಚಯವಿಲ್ಲ. ಆದಕಾರಣ ಯಾತ್ರೆಗೆ ಹೊರಡುವವನು ಸಾಲ ತೀರಿಸಿ, ಕೊಡಬೇಕಾದುದನ್ನು ಕೊಟ್ಟು, ಮನೆಯ ಹೊಣೆಯನ್ನು ಮಗನಿಗೋ ತಮ್ಮನಿಗೋ ವಹಿಸಿ, ವೈರವಿದ್ದವರೊಡನೆಯೂ ಮಾತನಾಡಿ ಹೊರಡುತ್ತಿದ್ದನು. ಕೈಯಲ್ಲಿ ಹೆಚ್ಚು ಹಣ ಇಟ್ಟುಕೊಂಡರೆ ಕಳ್ಳರ ಭಯ. ಉಳ್ಳವರು ಸಾಹುಕಾರರಿಂದ ಹುಂಡಿ ಬರೆಯಿಸಿಕೊಂಡು ದೂರದ ಊರಿನಲ್ಲಿ ಹಣ ಪಡೆಯುತ್ತಿದ್ದರು; ಇಲ್ಲದವರು ದೊಡ್ಡ ಗುಂಪನ್ನು ಸೇರಿಕೊಳ್ಳುತ್ತಿದ್ದರು.

ಇಂತಹ ದೊಡ್ಡ ಗುಂಪೊಂದರ ಪ್ರಯಾಣದ ದಿನಚರಿ ನಮಗೆ ಉಳಿದು ಬಂದಿರುವುದು ಭಾಗ್ಯವೆನ್ನಬೇಕು. ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಏನುಗುಲ ವೀರಾಸ್ವಾಮಿ ಎಂಬವರು ಕೆಲಸದಿಂದ ರಜೆ ಪಡೆದು 1830ನೆಯ ಮೇ 18ರಂದು, ನಡುಬೇಸಗೆಯಲ್ಲಿ, ಕಾಶಿಗೆ ಹೊರಟರು. ಅವರ ಪರಿವಾರದಲ್ಲಿ ಸುಮಾರು ನೂರು ಜನ. ಯಜಮಾನರು ಪಲ್ಲಕ್ಕಿಯಲ್ಲಿ, ಪಲ್ಲಕ್ಕಿಯನ್ನು ಹೊರುವ ಬೋಯಿಗಳು ಕಾಲುನಡಿಗೆಯಲ್ಲಿ. ತಿರುಪತಿ, ಕಡಪ, ಅಹೋಬಲ, ಶ್ರೀಶೈಲ, ಕರ್ನೂಲು, ಹೈದರಾಬಾದು, ನಾಗಪುರ, ಜಬ್ಬಲಪುರ, ಮಿರ್ಜಾಪುರ, ಪ್ರಯಾಗ, ಕಾಶಿ. ಅಲ್ಲಿಂದ ಗಯೆ, ಪಾಟ್ನಾ, ಕಲ್ಕತ್ತೆ, ಪುರಿಯ ಮೇಲೆ ಕರಾವಳಿಯ ದಾರಿಯಿಂದ ಮದರಾಸಿಗೆ. ಹಿಂದಿರುಗಿದ್ದು 1831ನೆಯ ಸೆಪ್ಟೆಂಬರ್ 3ರಂದು. ಹದಿನೈದೂವರೆ ತಿಂಗಳ ಈ ಯಾತ್ರೆಯ ವೃತ್ತಾಂತವನ್ನು ಅವರು ತಮ್ಮ ಮಿತ್ರರಾದ ಕೋಮಲೇಶ್ವರಪುರಂ ಶ್ರೀನಿವಾಸ ಪಿಳ್ಳೆಯವರಿಗೆ ಬರೆದು ಕಳುಹಿಸುತ್ತಿದ್ದರು. ವೀರಾಸ್ವಾಮಿಗಳು 1836ರಲ್ಲಿ ತೀರಿಕೊಂಡ ಮೇಲೆ, 1838ರಲ್ಲಿ, ಅದು ‘ಕಾಶೀಯಾತ್ರಾ ಚರಿತ್ರ’ ಎಂಬ ಹೆಸರಿನಿಂದ ತೆಲುಗಿನಲ್ಲಿ ಅಚ್ಚಾಯಿತು.

ಈ ಗ್ರಂಥದಲ್ಲಿ ಕ್ಷೇತ್ರಮಾಹಾತ್ಮ್ಯೆಯೂ ವೇದಾಂತವೂ ಇವೆ. ಆದರೆ ಚರಿತ್ರೆಯ ವಿದ್ಯಾರ್ಥಿಗೆ ಹೆಚ್ಚು ಬೆಲೆಯುಳ್ಳದ್ದು ಬೇರೆಯೇ. ಪ್ರತಿಯೊಂದು ಮಜಲಿನಲ್ಲಿಯೂ ಅವರು ಗಮನಿಸುವುದು ದಾರಿ ಎಂತಹದು, ಊರಿನಲ್ಲಿ ಅಂಗಡಿಗಳಿವೆಯೇ, ದಿನಸಿ ಸಿಕ್ಕುತ್ತದೆಯೇ, ಇಳಿದುಕೊಳ್ಳಲು ಸ್ಥಳವುಂಟೇ, ನೀರು ಹೇಗಿದೆ ಎಂಬಿವುಗಳನ್ನು. ಮುಂದೆ ಬರುವ ಯಾತ್ರಿಕರಿಗೆ ಉಪಯೋಗವಾಗಲೆಂಬ ಬುದ್ಧಿ ಅದರಲ್ಲಿ ಕಾಣುತ್ತದೆ. ನೂರು ಜನರಿಗೆ ಬೇಕಾದ ಬುತ್ತಿಯನ್ನು ಮದರಾಸಿನಿಂದ ಕಾಶಿಯವರೆಗೆ ಹೊತ್ತೊಯ್ಯುವುದು ಯಾವ ಶ್ರೀಮಂತನಿಂದಲೂ ಸಾಧ್ಯವಿಲ್ಲ. ಊರಿನಿಂದ ಊರಿಗೆ ಅಂಗಡಿಯವನನ್ನು, ಬಾವಿಯನ್ನು, ಛತ್ರವನ್ನು ನಂಬಿಯೇ ಅವರು ನಡೆದರು. ಅವರು ಹಾದುಹೋದ ಮಧ್ಯದೇಶದ ಹಾದಿಗಳು ಆಗ ಠಕ್ಕರೆಂಬ ಕೊಲೆಗಡುಕರಿಗೆ ಹೆಸರಾಗಿದ್ದವು. ಅವರನ್ನು ಅಡಗಿಸುವ ಕಾರ್ಯವನ್ನು ಸ್ಲೀಮನ್ ಎಂಬ ಅಧಿಕಾರಿ ಅದೇ ಪ್ರಾಂತದಲ್ಲಿ ಕೈಗೊಂಡಿದ್ದನು. ನೂರು ಜನರ ಗುಂಪು ಕಟ್ಟಿಕೊಂಡು ಹೊರಟಿದ್ದು ಆಡಂಬರಕ್ಕಾಗಿ ಮಾತ್ರವಲ್ಲವೆಂದು ಇದರಿಂದ ತಿಳಿಯಬಹುದು.

ಇನ್ನು ದಾರಿಯ ಕಡೆಯ ಸಿದ್ಧತೆಗೆ ಬರೋಣ. ಈ ವಿಷಯದಲ್ಲಿ ನಮ್ಮ ದೇಶದ ಅತ್ಯಂತ ಪ್ರಾಚೀನ ದಾಖಲೆಗಳು ಅಶೋಕನ ಶಾಸನಗಳು. ಈಗ ದೆಹಲಿಯಲ್ಲಿರುವ ತೋಪ್ರಾ ಸ್ತಂಭದ ಏಳನೆಯ ಶಾಸನದಲ್ಲಿ ಅವನು ತಾನು ದಾರಿಯುದ್ದಕ್ಕೂ ಆಲದ ಮರಗಳನ್ನು ನೆಡಿಸಿದುದನ್ನೂ ಮಾವಿನ ತೋಪುಗಳನ್ನು ಬೆಳೆಸಿದುದನ್ನೂ ಬಾವಿಗಳನ್ನು ತೋಡಿಸಿದುದನ್ನೂ ಅಲ್ಲಲ್ಲಿ ನೀರಿನ ಚಪ್ಪರಗಳನ್ನು ಏರ್ಪಡಿಸಿದುದನ್ನೂ ಹೇಳಿಕೊಂಡಿದ್ದಾನೆ. ಇವು ಮನುಷ್ಯರಿಗೂ ಪಶುಗಳಿಗೂ ಎಂಬುದು ಗಮನಿಸತಕ್ಕ ಮಾತು. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಗಾಡಿಯೊಳಗಿನವನ ಬಾಯಾರಿಕೆಯ ಜೊತೆಗೆ ನೊಗದ ಕೆಳಗಿನ ಎತ್ತಿನ ಬಾಯಾರಿಕೆಯೂ ಲೆಕ್ಕಕ್ಕೆ ಬಂದಿದ್ದಿತು.

ನಮ್ಮ ನಾಡಿನಲ್ಲಿ ಈ ಧರ್ಮವನ್ನು ಅರಸರಿಗೆ ಮಾತ್ರ ಬಿಟ್ಟಿರಲಿಲ್ಲ. ಕೆರೆಯನ್ನು ಕಟ್ಟಿಸುವುದು, ಬಾವಿ ತೋಡಿಸುವುದು, ಸತ್ರವಿಡುವುದು, ಅರವಟ್ಟಿಗೆಗೆ ಭೂಮಿ ಬಿಡುವುದು, ಇವುಗಳಲ್ಲಿ ಸೆಟ್ಟಿಗಳೂ ಗೌಡರೂ ಹೆಂಗಸರೂ ಪಾಲುಗೊಂಡರೆಂದು ಶಾಸನಗಳು ಹೇಳುತ್ತವೆ. ಹೊರೆ ಹೊತ್ತವನು ಯಾರ ನೆರವೂ ಇಲ್ಲದೆ ಇಳಿಸಿ ಮತ್ತೆ ಹೊರಲು ಅನುಕೂಲವಾಗುವಂತೆ ಹೆಗಲೆತ್ತರಕ್ಕೆ ಚಪ್ಪಡಿಯನ್ನಿಟ್ಟ ಹೊರೆಗಲ್ಲುಗಳು ನಮ್ಮ ಹಳೆಯ ಹಾದಿಗಳಲ್ಲಿ ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತವೆ. ಅವುಗಳನ್ನು ನಿಲ್ಲಿಸಿದವರಿಗೆ ಪಲ್ಲಕ್ಕಿಯವನ ಚಿಂತೆಯಿರಲಿಲ್ಲ, ತಲೆಹೊರೆಯವನ ಚಿಂತೆಯಿದ್ದಿತು.

ದಾರಿಯ ತುದಿಯಲ್ಲಿ ಬರುವ ಕಷ್ಟವನ್ನೂ ಮುಂದಾಗಿ ಯೋಚಿಸಿದ ನಿದರ್ಶನವೊಂದು ಹೊಯ್ಸಳರ ಕಾಲದಲ್ಲಿದೆ. ಕಾಶಿಯಲ್ಲಿ ಆಗ ತುರುಷ್ಕರ ಆಡಳಿತ. ಅಲ್ಲಿದ್ದವರು ತೆರಿಗೆ ಕೊಡಬೇಕಾಗಿದ್ದಿತು. 1279ರಲ್ಲಿ ಮೂರನೆಯ ನರಸಿಂಹನು ಹೆಬ್ಬಾಲೆ ಎಂಬ ಗ್ರಾಮದ ಹುಟ್ಟುವಳಿಯನ್ನು, ವರ್ಷಕ್ಕೆ 645 ನಿಷ್ಕಗಳನ್ನು, ಈ ತೆರಿಗೆಗಾಗಿಯೇ ದತ್ತಿ ಬಿಟ್ಟನು. ಶಾಸನವು ಕನ್ನಡಿಗರೊಡನೆ ತೆಲುಗರು, ತುಳುವರು, ಮಲೆಯಾಳದವರು, ಗೌಡದೇಶದವರನ್ನೂ ಹೆಸರಿಸುತ್ತದೆ. ಕರ್ನಾಟಕದ ಒಂದು ಹಳ್ಳಿಯ ರೈತನು ಬೆಳೆದ ಬೆಳೆ ಗಂಗೆಯ ದಡದಲ್ಲಿ ಬಂಗಾಳದವನೊಬ್ಬನ ಸುಂಕವನ್ನು ತೀರಿಸಿತೆಂದರೆ ಅದು ಸಾಮಾನ್ಯವಾದ ಮಾತಲ್ಲ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ನಮ್ಮ ಹಿರಿಯರ ಕಾಲದ ದಾರಿಗಳೆಲ್ಲ ನೆರಳೂ ತಂಪೂ ಆಗಿದ್ದವೆಂಬ ಭಾವನೆ ಬಂದೀತು. ಚರಿತ್ರೆ ಹಾಗಿಲ್ಲ. ‘ಬಿಟ್ಟಿ’ ಎಂಬ ಶಬ್ದವನ್ನು ನಾವು ಪುಕ್ಕಟೆ ಎಂಬ ಅರ್ಥದಲ್ಲಿ ಹಗುರಾಗಿ ಬಳಸುತ್ತೇವೆ. ಅದು ಸಂಸ್ಕೃತದ ‘ವಿಷ್ಟಿ’ಯ ತದ್ಭವ, ಕೂಲಿಯಿಲ್ಲದೆ ಬಲವಂತವಾಗಿ ಮಾಡಿಸಿಕೊಳ್ಳುವ ದುಡಿಮೆ ಎಂದು ಅರ್ಥ. ಅರಸನಾಗಲಿ, ಪಾಳೆಯಗಾರನಾಗಲಿ, ಮುಂದೆ ಕಂಪನಿಯ ದೊರೆಯಾಗಲಿ ಪ್ರಯಾಣ ಹೊರಟರೆ ದಾರಿಯ ಹಳ್ಳಿಯವರು ಎತ್ತು, ಗಾಡಿ, ಹುಲ್ಲು, ಸೌದೆ, ಹಾಲು, ಕೋಳಿಗಳನ್ನು ಒದಗಿಸಬೇಕು. ಹೊರೆ ಹೊರಲು ಆಳುಗಳನ್ನು ಕೊಡಬೇಕು. ದೊಡ್ಡವರ ಸಿದ್ಧತೆ ಬಡವರ ಬೆನ್ನಿನ ಮೇಲೆ ನಡೆಯುತ್ತಿದ್ದಿತು. ಸವಾರಿ ಬರುತ್ತದೆಂದು ಕೇಳಿ ಊರವರು ಗಾಡಿಗಳನ್ನು ಬಚ್ಚಿಡುತ್ತಿದ್ದುದರಲ್ಲಿ ಆಶ್ಚರ್ಯವೇನಿದೆ?

ಅರವಟ್ಟಿಗೆಯ ನೀರು ಕೂಡ ಎಲ್ಲರಿಗೂ ಒಂದೇ ಬಗೆಯಾಗಿ ಸಿಕ್ಕುತ್ತಿರಲಿಲ್ಲ. ಕೆಲವರ ಕೈಗೆ ಚೆಂಬು. ಕೆಲವರ ಬೊಗಸೆಗೆ ದೂರದಿಂದ ಕೊಳವೆಯಲ್ಲಿ ಸುರಿದ ನೀರು. ಕೆಲವರಿಗೆ ಅದೂ ಇಲ್ಲ. ಈ ಸಂಗತಿಯನ್ನು ಡಾ. ಭೀಮರಾವ್ ಅಂಬೇಡ್ಕರರು ತಮ್ಮ ಬಾಲ್ಯದ ಒಂದು ಬೇಸಗೆಯ ಪ್ರಯಾಣವನ್ನು ಕುರಿತು ಬರೆದಿರುವಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣಲಾರೆವು.

ವರ್ಷ 1901. ಬಾಲಕ ಭೀಮನು ಸಾತಾರದಲ್ಲಿದ್ದನು. ತಂದೆ ಅದೇ ಜಿಲ್ಲೆಯ ಗೋರೆಗಾಂವ್ ಎಂಬಲ್ಲಿ ಖಜಾಂಚಿ. ಅಲ್ಲಿ ಕ್ಷಾಮಪೀಡಿತರಿಗೆ ಕೆಲಸ ಕೊಡುವ ಸಲುವಾಗಿ ಸರ್ಕಾರದವರು ಕೆರೆಯೊಂದನ್ನು ತೋಡಿಸುತ್ತಿದ್ದರು. ಬೇಸಗೆಯ ರಜೆಗೆ ಮಕ್ಕಳು ತನ್ನಲ್ಲಿಗೆ ಬರಲಿ ಎಂದು ತಂದೆ ಕಾಗದ ಬರೆದರು. ಮಕ್ಕಳ ಸಂಭ್ರಮ ಹೇಳತೀರದು. ಹೊಸ ಅಂಗಿ, ಹೊಸ ಟೋಪಿ, ಹೊಸ ಜೋಡು, ರೇಷ್ಮೆಯಂಚಿನ ಪಂಚೆ, ಬುಟ್ಟಿಯ ತುಂಬ ತಿಂಡಿ. ಭೀಮ, ಅವನ ಅಣ್ಣ, ಅಕ್ಕನ ಇಬ್ಬರು ಮಕ್ಕಳು, ಇಷ್ಟು ಜನ ರೈಲಿನಲ್ಲಿ ಹೊರಟು ಮಸೂರ್ ಎಂಬ ನಿಲ್ದಾಣದಲ್ಲಿ ಇಳಿದರು. ಬರುತ್ತೇವೆಂದು ಅವರು ಬರೆದಿದ್ದ ಕಾಗದ ತಂದೆಗೆ ತಲಪಿರಲಿಲ್ಲ. ಕರೆದೊಯ್ಯಲು ಯಾರೂ ಬಂದಿರಲಿಲ್ಲ.

ಅಂದವಾಗಿ ಉಡುಪು ಧರಿಸಿದ್ದ ಮಕ್ಕಳನ್ನು ಸ್ಟೇಷನ್ ಮಾಸ್ತರು ವಿಚಾರಿಸಿದರು. ತಾವು ಮಹಾರರೆಂದು ಮಕ್ಕಳು ಹೇಳಿದೊಡನೆ ಅವರ ಮುಖಚರ್ಯೆಯೇ ಬದಲಾಯಿತು. ಹೊರಗೆ ಬಾಡಿಗೆಯ ಗಾಡಿಗಳು ಎಷ್ಟೋ ಇದ್ದವು. ಈ ಮಕ್ಕಳನ್ನು ಕೂರಿಸಿಕೊಳ್ಳಲು ಯಾರೂ ಒಪ್ಪಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆಗೆ ಒಬ್ಬನು ಒಪ್ಪಿದನು. ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುವೆನೆಂದು ಅವನ ಕರಾರು. ಸಂಜೆಗತ್ತಲಿನಲ್ಲಿ ಗಾಡಿ ಹೊರಟಿತು. ಬುಟ್ಟಿಯಲ್ಲಿ ಅನ್ನವಿದ್ದಿತು, ಕುಡಿಯಲು ನೀರಿರಲಿಲ್ಲ. ದಾರಿಯಲ್ಲಿ ಸಿಕ್ಕಿದ್ದು ದನಗಳ ಸಗಣಿ ಗಂಜಲ ಬೆರೆತ ಹೊಲಸು ನೀರು. ರಾತ್ರಿ ಸುಂಕದ ಕಟ್ಟೆಯನ್ನು ತಲಪಿ, ಗಾಡಿಯವನು ಹೇಳಿಕೊಟ್ಟಂತೆ ತಾವು ಮುಸಲ್ಮಾನರೆಂದು ಹೇಳಿ ಉರ್ದುವಿನಲ್ಲಿಯೇ ನೀರು ಕೇಳಿದರು. ಸುಂಕದವನು ಕೊಡಲಿಲ್ಲ. ಬುತ್ತಿಯ ಬುಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡೇ ಮಕ್ಕಳು ಹಸಿದು ಮಲಗಿದರು. ಗಂಟಲು ಒಣಗಿದವನಿಗೆ ಒಣ ತುತ್ತು ಇಳಿಯುವುದಿಲ್ಲ. ಮರುದಿನ ಮಧ್ಯಾಹ್ನಕ್ಕೆ ಮೊದಲು ಅವರು ಗೋರೆಗಾಂವನ್ನು ಸೇರಿದರು. ತಂದೆ ಲೆಕ್ಕ ಬರೆಯುತ್ತಿದ್ದುದು ಕೆರೆಯ ಕೆಲಸಕ್ಕೆ. ಮಕ್ಕಳು ಅಲ್ಲಿಗೆ ಬಂದದ್ದು ನೀರಿಲ್ಲದೆ.

ಈ ಪ್ರಯಾಣದಲ್ಲಿ ಮನೆಯ ಸಿದ್ಧತೆಗೆ ಯಾವ ಕೊರತೆಯೂ ಇರಲಿಲ್ಲ. ಉಡುಪು ಇದ್ದಿತು, ಹಣವಿದ್ದಿತು, ಬುತ್ತಿ ಬೇಕಾದಷ್ಟು ಇದ್ದಿತು. ಇಲ್ಲದಿದ್ದುದು ದಾರಿಯ ಕಡೆಯ ಸಿದ್ಧತೆ. ಹೊಯ್ಸಳ ಅರಸನು ಗೌಡದೇಶದವನ ತೆರಿಗೆಯ ಚಿಂತೆಯನ್ನು ಮಾಡಿದ ಇದೇ ದೇಶದಲ್ಲಿ ನಾಲ್ವರು ಮಕ್ಕಳಿಗೆ ಒಂದು ಚೆಂಬು ನೀರು ದೊರೆಯಲಿಲ್ಲ. ಇಪ್ಪತ್ತಾರು ವರ್ಷಗಳು ಕಳೆದ ಮೇಲೆ, 1927ನೆಯ ಮಾರ್ಚ್ 20ರಂದು, ಆ ಬಾಲಕನೇ ದೊಡ್ಡವನಾಗಿ ಮಹಾಡಿನ ಚವದಾರ್ ಕೆರೆಗೆ ಸಾವಿರಾರು ಜನರೊಡನೆ ನಡೆದುಹೋಗಿ ನೀರನ್ನು ಮುಟ್ಟಿ ಕುಡಿದನು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳೆಂಬ ಮಾತುಗಳು ಒಟ್ಟಿಗೆ ಬಂದಿವೆ. ಇವುಗಳ ಬಳಕೆಯಲ್ಲಿ ಜಾತಿ ಮತಗಳ ಕಾರಣದಿಂದ ಯಾರನ್ನೂ ತಡೆಯಕೂಡದು. 17ನೆಯ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 23ನೆಯ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿತು. ಹಳೆಯ ಕಾಲದ ಪಯಣದ ಎರಡು ಪಾಪಗಳಿಗೆ ಹೀಗೆ ಕಾನೂನಿನ ಪ್ರಾಯಶ್ಚಿತ್ತವಾಯಿತು. ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷರಾಗಿದ್ದವರು ಯಾರೆಂಬುದನ್ನು ವಾಚಕರಿಗೆ ಹೇಳಬೇಕಾದುದಿಲ್ಲ.

ಇತ್ತ ದಾರಿಗಳೂ ಬದಲಾದವು. ಮೈಸೂರು ಸೀಮೆಯಲ್ಲಿ 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರ ಕಾಲದಲ್ಲಿ ಸುಮಾರು 1,600 ಮೈಲಿಗಳ ರಸ್ತೆಗಳೂ ಮುನ್ನೂರಕ್ಕೂ ಮಿಕ್ಕಿ ಸೇತುವೆಗಳೂ ಆದವು. 1864ರಲ್ಲಿ ಬೆಂಗಳೂರಿಗೆ ಜೋಲಾರಪೇಟೆಯಿಂದ ರೈಲು ಬಂದಿತು. 1871ರಲ್ಲಿ ಮದರಾಸಿನ ದಾರಿಯೂ ಮುಂಬಯಿಯ ದಾರಿಯೂ ರಾಯಚೂರಿನಲ್ಲಿ ಕೂಡಿಕೊಂಡವು. ನಾಲ್ಕು ತಿಂಗಳ ಕಾಶೀಯಾತ್ರೆ ದಿನಗಳ ಲೆಕ್ಕಕ್ಕೆ ಇಳಿಯಿತು. ಹಳೆಯ ಧರ್ಮ ಹೊಸ ದಾರಿಯನ್ನು ಹುಡುಕಿಕೊಂಡು ಬಂದಿತು; ಬೆಂಗಳೂರಿನ ರೈಲು ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರ ಛತ್ರ 1903ರಲ್ಲಿ ತೆರೆಯಿತು.

ಇಂದಿನ ಹೆದ್ದಾರಿಯಲ್ಲಿ ಹೋಗುವವನಿಗೆ ಅರವಟ್ಟಿಗೆ ಕಾಣುವುದು ಕಡಮೆ. ಸೀಸೆಯ ನೀರನ್ನು ಕಾಸಿಗೆ ಕೊಳ್ಳುತ್ತಾನೆ. ಮೋಟಾರಿನೊಳಗೆ ತಂಪಾಗಿ ಕುಳಿತವನಿಗೆ ಹೊರಗಿನ ಬಿಸಿಲು ತಿಳಿಯುವುದಿಲ್ಲ. ಆದರೆ ನಮ್ಮ ಪಟ್ಟಣಗಳ ಬೀದಿಗಳಲ್ಲಿ ಯುಗಾದಿ ಕಳೆಯುತ್ತಲೂ ಯಾವನೋ ವ್ಯಾಪಾರಿ ಅಂಗಡಿಯ ಮುಂದೆ ಮಣ್ಣಿನ ಹರವಿಯನ್ನಿಟ್ಟು ಒದ್ದೆ ಬಟ್ಟೆ ಸುತ್ತುವುದು, ಶ್ರೀರಾಮನವಮಿಯ ದಿನ ಬೀದಿಯಲ್ಲಿ ಹೋಗುವವರಿಗೆ ಪಾನಕವನ್ನೂ ನೀರುಮಜ್ಜಿಗೆಯನ್ನೂ ಹಂಚುವುದು ನಿಂತಿಲ್ಲ. ಹೆದ್ದಾರಿಯ ಅಂಚಿನಲ್ಲಿ ತಲೆಯ ಮೇಲೆ ಹೊರೆ ಹೊತ್ತು ನಡೆಯುವವರೂ, ರಸ್ತೆಗೆ ಡಾಂಬರು ಹಾಕುವವರೂ, ಕುರಿ ಕಾಯುವವರೂ ಇನ್ನೂ ಇದ್ದಾರೆ.

ಈ ಬೇಸಗೆಯಲ್ಲಿ ದೂರದ ದಾರಿಗೆ ಅಣಿಯಾಗುವ ಮನೆಯವರು ತಮ್ಮ ಬುತ್ತಿಯನ್ನು ಧಾರಾಳವಾಗಿ ಕಟ್ಟಿಕೊಳ್ಳಲಿ. ಅದರ ಜೊತೆಗೆ ಎರಡು ಹೂಜಿ ನೀರನ್ನು ಹೆಚ್ಚಾಗಿ ಇಟ್ಟುಕೊಂಡರೆ ಮೋಟಾರಿಗೆ ಅದೇನೂ ಭಾರವಾಗದು. ಮನೆಯಲ್ಲಿಯೇ ಉಳಿಯುವವರು ಬಾಗಿಲ ಬಳಿ ಒಂದು ಹರವಿಯನ್ನಿಟ್ಟು, ಕುಡಿಯಲು ಬಂದವನ ಕೈಗೆ ಚೆಂಬನ್ನೇ ಕೊಡಲಿ.